ಅಣ್ಣನನ್ನು ನೋಡಿ ಬರಲು ಹೋದದ್ದು

ನನ್ನ ಸಿಂಹಳ ಪ್ರವಾಸದ ದಿನಚರಿ ನೂರ ಹನ್ನೆರಡು ಪುಟ ಇದೆ. ರೈಲುಗಳಿಗೆ ಇಪ್ಪತ್ತೊಂದು ಪುಟ, ಸಮುದ್ರಕ್ಕೆ ಹದಿನಾಲ್ಕು, ಊಟ ತಿಂಡಿಗೆ ಒಂಬತ್ತು. ನಾನು ಅಲ್ಲಿಗೆ ಹೋದದ್ದು ನನ್ನ ಅಣ್ಣನನ್ನು ನೋಡಿ ಬರಲು. ಅವನ ವಿಷಯ ಎಲ್ಲ ಸೇರಿಸಿದರೂ ಒಂದೂವರೆ ಪುಟ ಆಗುವುದಿಲ್ಲ. ಕಚೇರಿಯ ಗೆಳೆಯರು ಸಿಂಹಳ ಹೇಗಿತ್ತು ಎಂದು ಕೇಳಿದಾಗಲೆಲ್ಲ ಸಮುದ್ರದ ಪುಟಗಳನ್ನು ತೆಗೆದು ಓದುತ್ತಿದ್ದೆ. ಈಗ ಉಳಿದದ್ದನ್ನೂ ಬರೆಯುತ್ತೇನೆ.

ಹೊಳೆನರಸೀಪುರ, ಜನವರಿ ೧೨, ಸೋಮವಾರ

ಅಣ್ಣ ನಂಜಯ್ಯ ನನಗಿಂತ ಎಂಟು ವರ್ಷ ದೊಡ್ಡವನು. ನುಗ್ಗೇಹಳ್ಳಿಯ ಹತ್ತಿರದ ಒಂದು ಊರಿನಲ್ಲಿ ನಾಲ್ಕು ವರ್ಷ ಮೇಷ್ಟರಾಗಿದ್ದ. ಆ ಊರಿನವರು ಮಕ್ಕಳನ್ನು ಅವನ ಕೈಗೆ ಒಪ್ಪಿಸಿದರು, ಬಾವಿಯ ಹಗ್ಗವನ್ನು ಮಾತ್ರ ಕೊಡಲಿಲ್ಲ. ನಾವು ಕೇರಿಯವರು. ಯಾರಾದರೂ ಬಂದು ಸೇದಿ ಮೇಲಿನಿಂದ ಸುರಿಯುವವರೆಗೂ ಮೇಷ್ಟರು ಬಿಂದಿಗೆ ಹಿಡಿದು ನಿಂತಿರಬೇಕಿತ್ತು. ಒಂದು ದಿನ ಬಿಂದಿಗೆಯನ್ನು ಬಾವಿಕಟ್ಟೆಯ ಮೇಲೇ ಇಟ್ಟು, ರಾಜೀನಾಮೆ ಬರೆದು, ಮೈಸೂರಿಗೆ ಹೋದ. ಅಲ್ಲಿಗೆ ಬಂದಿದ್ದ ಸಿಂಹಳದ ಭಿಕ್ಷುವೊಬ್ಬರ ಮಾತು ಕೇಳಿ ಅವರ ಜೊತೆಯಲ್ಲೇ ಕಡಲು ದಾಟಿದ. ಅದಾಗಿ ಮೂರು ವರ್ಷ.

ಈ ಸಲ ಬಂದ ಕಾಗದದಲ್ಲಿ, ಬನದ ಹುಣ್ಣಿಮೆಯ ದಿನ ತಾನೂ ಭಿಕ್ಷುಗಳ ಹಳದಿ ಬಟ್ಟೆ ಉಡುತ್ತೇನೆ ಎಂದು ಬರೆದಿದ್ದ. ಹೆತ್ತವರು ಒಪ್ಪದೆ ಎಂಥ ವಯಸ್ಸಿನವನಿಗೂ ಅಲ್ಲಿ ಆ ಬಟ್ಟೆ ಕೊಡುವುದಿಲ್ಲವಂತೆ. ಅಪ್ಪ ತೀರಿಕೊಂಡು ಬಹಳ ಕಾಲವಾಗಿತ್ತು. ಇನ್ನುಳಿದದ್ದು ಅವ್ವನ ಮಾತು.

ಅವ್ವ ಕೊಣನೂರಿನ ಸಂತೆಯಲ್ಲಿ ಈಚಲು ಚಾಪೆ, ಪೊರಕೆ ಮಾರುತ್ತಾಳೆ. ಕಾಗದವನ್ನು ನನ್ನಿಂದ ಎರಡು ಸಲ ಓದಿಸಿ ಕೇಳಿದಳು.

"ಕಾಗ್ದದಾಗೆ ಊ ಅಂತ ಬರ್ದು ಕಳಿಸ್ಬೋದು ಕಣ್ಲಾ. ಅವ್ನು ಬ್ಯಾಸರ ಪಟ್ಕಂಡು ಉಡ್ತಾವ್ನೋ ಮನಸಾರೆ ಉಡ್ತಾವ್ನೋ ನಂಗೆಂಗ್ ಗೊತ್ತಾಗ್ಬೇಕು? ನೀನ್ ಓಗು. ನಾಕ್ ದಿನ ಜತ್ಯಾಗಿರು. ನೆಮ್ದಿಯಾಗವ್ನೆ ಅಂತ ಕಂಡ್ರೆ, ಅವ್ವ ಊ ಅಂದ್ಳು ಅನ್ನು. ಇಲ್ಲಾಂದ್ರೆ ಕೈ ಇಡ್ಕಂಡು ಕರ್ಕಂಬಾ."

"ನಂಗೆ ತಿಳೀತದಾ ಅವ್ವ?" ಎಂದೆ.

"ಇರುವೆ ಸಾಲು ಕಂಡ್ರೂ ಕುಂತ್ಕಂಡು ಎಣಿಸೋನು ನೀನು. ನಿನ್ ಕಣ್ಣಿಗೆ ಬೀಳ್ದೆ ಓದಾತಾ?"

ನಾನು ತಾಲ್ಲೂಕು ಕಚೇರಿಯಲ್ಲಿ ಪಹಣಿ ನಕಲು ಮಾಡುವ ಗುಮಾಸ್ತ. ನನ್ನ ಮೇಲೆ ಇಷ್ಟು ನಂಬಿಕೆ ಇಟ್ಟು ಯಾರೂ ಯಾವ ಕೆಲಸವನ್ನೂ ಹೇಳಿರಲಿಲ್ಲ. ಹೊಸ ದಿನಚರಿ ಪುಸ್ತಕ ಕೊಂಡು, ಗೆರೆ ಹಾಕಿ, ಮೈಸೂರಿನ ರೈಲು ಹತ್ತಿದೆ.

ಧನುಷ್ಕೋಟಿಯ ದಾರಿ, ಜನವರಿ ೧೪, ೧೫

ಸಂಕ್ರಾಂತಿ ರೈಲಿನಲ್ಲೇ ಕಳೆಯಿತು. ತಿರುಚಿನಾಪಳ್ಳಿ ದಾಟಿದ ಮೇಲೆ ಪ್ರತಿ ಹಳ್ಳಿಯ ಅಂಗಳದಲ್ಲೂ ಪೊಂಗಲಿನ ಹೊಗೆ ಏಳುತ್ತಿತ್ತು. ನಲವತ್ತಮೂರು ಒಲೆಗಳವರೆಗೆ ಎಣಿಸಿದೆ. ಅವ್ವ ಕಟ್ಟಿಕೊಟ್ಟಿದ್ದ ಎಳ್ಳುಬೆಲ್ಲವನ್ನು ಎದುರಿಗಿದ್ದ ಮುದುಕರಿಗೆ ಕೊಟ್ಟೆ. ಅವರು ಪ್ರಸಾದವೆಂದು ಕಣ್ಣಿಗೊತ್ತಿಕೊಂಡು, ತಿನ್ನದೆ, ಪಂಚೆಯ ತುದಿಗೆ ಗಂಟು ಹಾಕಿಕೊಂಡರು. ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡಬೇಕು ಎನ್ನುತ್ತಾರೆ. ಆಡಲು ನಮ್ಮಿಬ್ಬರ ನಡುವೆ ಭಾಷೆ ಇರಲಿಲ್ಲ. ಅವರು ಇಳಿದ ಮೇಲೆ ಉಳಿದದ್ದನ್ನು ನಾನೊಬ್ಬನೇ ತಿಂದೆ.

ಮಂಡಪದಲ್ಲಿ ವೈದ್ಯರು ನಾಲಿಗೆ, ಕಣ್ಣು, ಸೂಜಿಮದ್ದಿನ ಚೀಟಿ ನೋಡಿ ಬಿಟ್ಟರು. ಧನುಷ್ಕೋಟಿಯಲ್ಲಿ ರೈಲು ಹಡಗಿನ ಪಕ್ಕಕ್ಕೇ ಹೋಗಿ ನಿಲ್ಲುತ್ತದೆ. ನಾನು ಕಡಲು ನೋಡಿದ್ದು ಅದೇ ಮೊದಲು. ಹಡಗು ಹೊರಟಾಗ ಜನರೆಲ್ಲ ಹಿಂಬದಿಗೆ ಹೋಗಿ ದಡವನ್ನೇ ನೋಡುತ್ತ ನಿಂತರು. ಒಬ್ಬ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ನಾನು ಕಟಾಂಜನಕ್ಕೆ ತೂಗುಹಾಕಿದ್ದ, ನೀರಿಗೆ ಬಿದ್ದವರಿಗೆ ಎಸೆಯುವ ತೇಲುಬಳೆಗಳನ್ನು ಎಣಿಸುತ್ತ ಹಡಗನ್ನು ಒಂದು ಸುತ್ತು ಬಂದೆ. ಒಟ್ಟು ಹನ್ನೊಂದು, ಎರಡಕ್ಕೆ ಬಣ್ಣ ಹೋಗಿತ್ತು. ಬರೆದು ಮುಗಿಸಿ ತಲೆ ಎತ್ತಿದಾಗ ನಾಲ್ಕು ಕಡೆಯೂ ನೀರೇ ಇತ್ತು. ನಮ್ಮ ದೇಶ ಕಣ್ಮರೆಯಾದದ್ದನ್ನು ನಾನು ನೋಡಲೇ ಇಲ್ಲ.

ವೆಲಿಗಾಮ, ಜನವರಿ ೧೬, ಶುಕ್ರವಾರ

ಕೊಲಂಬೊದಿಂದ ತೆಂಕಣ ಕರಾವಳಿಗೆ ಹೋಗುವ ರೈಲು ಕಡಲಿನ ಅಂಚಿನಲ್ಲೇ ಓಡುತ್ತದೆ. ಕೆಲವು ಕಡೆ ಅಲೆಯ ಹನಿ ಕಿಟಕಿಯೊಳಗೆ ಬಂದು ಬೀಳುತ್ತದೆ. ಅಣ್ಣ ಇದ್ದದ್ದು ವೆಲಿಗಾಮ ಎಂಬ ಊರಿನ ವಿಹಾರದಲ್ಲಿ. ಸ್ಟೇಷನ್ನಿಗೆ ಬರುತ್ತೇನೆಂದು ಬರೆದಿದ್ದ.

ಆ ಊರು ಬರುವ ಮುಂಚೆ ಒಂದು ವಿಚಿತ್ರ ಕಂಡಿತು. ಕಡಲಿನೊಳಗೆ ಕಂಬ ನೆಟ್ಟು, ಕಂಬಕ್ಕೆ ಅಡ್ಡಲಾಗಿ ಒಂದು ಕೋಲು ಕಟ್ಟಿ, ಅದರ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಗಾಳ ಹಾಕುತ್ತಾರೆ. ಕೆಳಗೆ ಅಲೆ ಹೊಡೆಯುತ್ತಿದ್ದರೂ ಕೂತವರು ಅಲ್ಲಾಡುವುದಿಲ್ಲ. ನಮ್ಮ ಕಡೆ ಹೊಲದ ಅಟ್ಟಣೆಯ ಮೇಲೆ ಕೂತು ಹಕ್ಕಿ ಓಡಿಸುವವರ ನೆನಪಾಯಿತು. ಇಪ್ಪತ್ತಾರು ಕಂಬ, ಹತ್ತೊಂಬತ್ತು ಜನ. ಅದನ್ನು ಬರೆದು, ಕಂಬದ ಚಿತ್ರವನ್ನೂ ಹಾಕುತ್ತಿದ್ದೆ. ರೈಲು ಎಲ್ಲೋ ನಿಂತು ಹೊರಟಿತು. ಮುಂದಿನ ದೊಡ್ಡ ಊರಿನಲ್ಲಿ ಎಲ್ಲರೂ ಇಳಿದರು. ಅದು ಮಾತರ, ರೈಲುದಾರಿಯ ಕೊನೆ.

ಬಸ್ಸು ಹಿಡಿದು ಹಿಂದಕ್ಕೆ ಬರುವ ಹೊತ್ತಿಗೆ ಮೂರು ಗಂಟೆ ಕಳೆದಿತ್ತು. ಅಣ್ಣ ಸ್ಟೇಷನ್ನಿನ ಬೆಂಚಿನ ಮೇಲೆ ಬಿಳಿ ಬಟ್ಟೆ ಉಟ್ಟು ಕೂತಿದ್ದ.

"ಕಿಟಕೀಲಿ ನಿನ್ ಬೆನ್ನು ಕಾಣ್ತು ಕಣೋ ಪುಟ್ಟ," ಅಂದ. "ಕೂಗ್ದೆ. ರೈಲಿನ್ ಜೊತೆ ಸ್ವಲ್ಪ ದೂರ ಓಡ್ದೆ. ನೀನು ಏನೋ ಬರೀತಿದ್ದೆ."

ನಾನು ಕಂಬದ ಚಿತ್ರ ತೋರಿಸಿದೆ. ಅವನು ನೋಡಿ, ಚೆನ್ನಾಗಿದೆ ಅಂದ. ಮೂರು ವರ್ಷದ ಮೇಲೆ ನಾವು ಆಡಿದ ಮೊದಲ ಮಾತು ಅಷ್ಟೆ.

ವಿಹಾರ, ಜನವರಿ ೧೭ರಿಂದ ೨೨

ವಿಹಾರದಲ್ಲಿ ಭಿಕ್ಷುಗಳು ಏಳು ಜನ. ಭಿಕ್ಷುವನ್ನು ಅಲ್ಲಿಯವರು ಹಾಮುದುರು ಎಂದು ಕರೆಯುತ್ತಾರೆ. ಮಧ್ಯಾಹ್ನ ಹನ್ನೆರಡರ ಒಳಗೆ ಊಟ ಮುಗಿಯಬೇಕು. ಆಮೇಲೆ ಮಾರನೆಯ ಬೆಳಗಿನವರೆಗೆ ಏನೂ ತಿನ್ನುವಂತಿಲ್ಲ. ಊಟವನ್ನು ಊರಿನ ಮನೆಗಳವರು ಸರದಿಯ ಮೇಲೆ ತರುತ್ತಾರೆ. ಹೊತ್ತು ತಂದವರೇ ಕೈಮುಗಿದು, ಉಣ್ಣುವವರು ತಮಗೆ ಉಪಕಾರ ಮಾಡಿದರು ಎಂಬಂತೆ ನಿಲ್ಲುತ್ತಾರೆ. ಕಾಯಿತುರಿಗೆ ಕೆಂಪು ಮೆಣಸು ಹಾಕಿ ಅರೆದ ಒಣ ಚಟ್ನಿ ದಿನವೂ ಇರುತ್ತಿತ್ತು. ನುಗ್ಗೇಹಳ್ಳಿಯ ಕಡೆ ತೆಂಗಿನಕಾಯಿಯನ್ನು ಕೊಬ್ಬರಿ ಮಾಡಿ ಮಾರುತ್ತಾರೆ. ಇಲ್ಲಿ ಸಿಪ್ಪೆಗೂ ಬಿಡುವಿಲ್ಲ. ಹಿನ್ನೀರಿನಲ್ಲಿ ಕೊಳೆಹಾಕಿ, ಹೆಂಗಸರು ಸಾಲಾಗಿ ಕೂತು ಕೋಲಿನಿಂದ ಬಡಿದು ನಾರು ತೆಗೆಯುತ್ತಾರೆ. ಒಂದು ಸಿಪ್ಪೆಗೆ ಎಷ್ಟು ಏಟು ಎಂದು ನಾನು ಎಣಿಸುತ್ತ ನಿಂತಿದ್ದನ್ನು ನೋಡಿ ಅವರಲ್ಲೊಬ್ಬಳು ಏನೋ ಅಂದಳು. ಉಳಿದವರು ಬಿದ್ದು ಬಿದ್ದು ನಕ್ಕರು.

"ಏನಂದ್ಳು?" ಎಂದು ಜೊತೆಗಿದ್ದ ಅಣ್ಣನನ್ನು ಕೇಳಿದೆ.

"ಪುಸ್ತಕದ ಯಜಮಾನ್ರು ತಾವೊಂದ್ ನಾಕೇಟು ಹೊಡೀಲಿ, ಲೆಕ್ಕ ನಾವ್ ಬರ್ಕೋತೀವಿ ಅಂದ್ಳು."

ಅಂದಿನಿಂದ ಊರಿನಲ್ಲಿ ನನ್ನ ಹೆಸರು ಪುಸ್ತಕದ ಯಜಮಾನರು ಎಂದೇ ಆಯಿತು.

ಅಣ್ಣನಿಗೆ ದಿನವಿಡೀ ಕೆಲಸ. ಅಂಗಳ ಗುಡಿಸುವುದು, ಪಾಠ ಉರು ಹಾಕುವುದು, ಭಿಕ್ಷುಗಳಿಗೆ ನೀರು ಕಾಯಿಸುವುದು. ನನಗೆ ಸಿಗುತ್ತಿದ್ದದ್ದು ಸಂಜೆ ಒಂದು ಗಂಟೆ ಮಾತ್ರ. ಉಳಿದ ಹೊತ್ತೆಲ್ಲ ನನ್ನೊಡನೆ ಮಾತಾಡಬಲ್ಲವರು ಯಾರೂ ಇರಲಿಲ್ಲ. ಮೂರನೆಯ ದಿನ, ಬೆಳಗಿನಿಂದ ನನ್ನ ಬಾಯಿಂದ ಒಂದು ಪದವೂ ಹೊರಟಿಲ್ಲ ಎಂದು ಗಮನಕ್ಕೆ ಬಂದು, ಕಡಲ ದಡಕ್ಕೆ ಹೋಗಿ ಕನ್ನಡ ಮಗ್ಗಿಯನ್ನು ಹದಿನಾರರವರೆಗೆ ಗಟ್ಟಿಯಾಗಿ ಹೇಳಿ ಬಂದೆ.

ಸಂಜೆ ನಾವಿಬ್ಬರೂ ರಸ್ತೆಯಲ್ಲಿ ನಡೆಯುತ್ತಿದ್ದೆವು. ಅಲ್ಲಲ್ಲಿ ಮರದ ಕೆಳಗೆ ದಾರಿಹೋಕರಿಗೆಂದು ಮಣ್ಣಿನ ಗಡಿಗೆಯಲ್ಲಿ ನೀರು ಇಟ್ಟು, ಮೇಲೆ ಒಂದು ಕರಟದ ಸೌಟು ಇಟ್ಟಿರುತ್ತಾರೆ. ಹತ್ತೊಂಬತ್ತನೆಯ ತಾರೀಖು ಅಣ್ಣ ಅಂಥ ಒಂದು ಗಡಿಗೆಯ ಮುಂದೆ ನಿಂತ. ತಾನೇ ಮೊಗೆದು ಕುಡಿದ. ಮೊಗೆದು ನನಗೂ ಕೊಟ್ಟ.

"ಬಂದ್ ಹೊಸದ್ರಲ್ಲಿ ಇದ್ರ ಮುಂದೆ ಸುಮ್ನೆ ನಿಂತ್ಕೋತಿದ್ದೆ," ಅಂದ. "ಯಾರಾದ್ರೂ ಬಂದು ಸುರೀಲಿ ಅಂತ. ಎಷ್ಟೋ ದಿನ."

ಕರಟದ ಸೌಟಿಗೆ ಹಿಡಿ ಸಿಕ್ಕಿಸಿದ್ದ ರೀತಿ ಬಹಳ ಅಚ್ಚುಕಟ್ಟಾಗಿತ್ತು. ನಾನು ಪುಸ್ತಕ ತೆಗೆದೆ.

"ಪುಟ್ಟ, ನಿಂಗೊಂದು ಮಾತು ಹೇಳ್ಬೇಕು ಅಂತಿದ್ದೆ."

"ಒಂದ್ನಿಮಿಷ ಅಣ್ಣ."

ಹಿಡಿಯ ಉದ್ದ ಒಂದು ಗೇಣು ನಾಲ್ಕು ಬೆರಳು. ಸೌಟಿಗೆ ಹಿಡಿಯುವ ನೀರು ಮುಕ್ಕಾಲು ಲೋಟ. ಬರೆದು, "ಏನಣ್ಣ?" ಎಂದೆ.

"ಏನಿಲ್ಲ. ನಡಿ, ಗಂಟೆ ಹೊಡೆಯೋ ಹೊತ್ತಾಯ್ತು."

ಅವನು ಮತ್ತೆ ಆ ಮಾತು ಎತ್ತಲಿಲ್ಲ. ನಾನೂ ಕೇಳಲಿಲ್ಲ. ಗಂಟೆ ಎಷ್ಟು ಸಲ ಹೊಡೆಯಿತು ಎಂಬುದು ದಿನಚರಿಯಲ್ಲಿದೆ.

ಜನವರಿ ೨೩, ಶುಕ್ರವಾರ

ಮಧ್ಯಾಹ್ನ ದೊಡ್ಡ ಹಾಮುದುರು ನನ್ನನ್ನು ಕರೆಸಿದರು. ಎಂಬತ್ತರ ಹತ್ತಿರದವರು, ಬೆನ್ನು ನೆಟ್ಟಗಿತ್ತು. ಅವರ ಪಕ್ಕದಲ್ಲಿ ತಾಳೆಗರಿಯ ಬೀಸಣಿಗೆ ಇತ್ತು. ಅವರಿಗೆ ಸಿಂಹಳ, ನನಗೆ ಕನ್ನಡ. ನಡುವೆ ಎರಡೂ ಬಲ್ಲವನು ಅಣ್ಣ ಒಬ್ಬನೇ. ಅವನು ನಮ್ಮಿಬ್ಬರ ನಡುವೆ ಮಂಡಿಯೂರಿ ಕೂತ.

ಹಾಮುದುರು ಮೆಲ್ಲಗೆ ಎರಡು ಮಾತು ಹೇಳಿದರು. ಅಣ್ಣ ಸ್ವಲ್ಪ ತಡೆದು ಅದನ್ನು ಕನ್ನಡಕ್ಕೆ ತಂದ.

"ಒಂದ್ ವಾರದಿಂದ ನೀನು ನಿಮ್ಮಣ್ಣನ ಜೊತೆ ಇದ್ದೀಯ. ಅವನು ಇಲ್ಲಿ ನೆಮ್ಮದಿಯಾಗಿದ್ದಾನಾ ಅಂತ ಕೇಳ್ತಾವ್ರೆ."

ತನ್ನ ವಿಷಯವನ್ನು ತಾನೇ ಬೇರೊಬ್ಬನ ವಿಷಯದ ಹಾಗೆ ಕೇಳಬೇಕಾಗಿ ಬಂದದ್ದು ಅವನಿಗೆ ಹೇಗಿತ್ತೋ ತಿಳಿಯದು. ನಾನು ಬೀಸಣಿಗೆಯ ಮಡಿಕೆಗಳನ್ನು ಎಣಿಸುತ್ತಿದ್ದೆ. ಮೂವತ್ತೊಂದಕ್ಕೆ ಬಂದಿದ್ದೆ.

"ಹೂಂ ಅನ್ನು," ಎಂದೆ.

"ನಾನ್ ಅನ್ನೋದಲ್ಲ ಕಣೋ. ನೀನ್ ಹೇಳ್ಬೇಕು. ನನ್ ಮುಖ ನೋಡಿ ಹೇಳು."

ಅವನ ಮುಖ ನೋಡಿದೆ. ಎಡಗೆನ್ನೆಯ ಗಡ್ಡದಲ್ಲಿ ಬಿಳಿ ಕೂದಲು ಬಂದಿದ್ದವು. ಮೂರು. ಅಣ್ಣನಿಗೆ ಮೂವತ್ತೆರಡಕ್ಕೇ ಬಿಳಿ ಕೂದಲು ಬಂದವಲ್ಲ, ಅಪ್ಪನಿಗೆ ಯಾವಾಗ ಬಂದಿದ್ದವು ಎಂದು ಯೋಚಿಸಿದೆ.

"ನೆಮ್ಮದಿಯಾಗಿದ್ದಾನೆ," ಎಂದೆ. "ಅವ್ವ ಒಪ್ಪಿದ್ದಾಳೆ."

ಅಣ್ಣ ತಿರುಗಿ ಅದನ್ನು ಸಿಂಹಳದಲ್ಲಿ ಹೇಳಿದ. ಹಾಮುದುರು ನನ್ನನ್ನು ಬಹಳ ಹೊತ್ತು ನೋಡಿ ಇನ್ನೊಂದು ಮಾತು ಸೇರಿಸಿದರು. ಈ ಬಟ್ಟೆ ಸಾಯುವತನಕ ಬಿಗಿದ ಗಂಟಲ್ಲ, ಬೇಡವೆನಿಸಿದ ದಿನ ಮಡಿಸಿಟ್ಟು ಮನೆಗೆ ಹೋಗಬಹುದು, ಯಾರೂ ತಡೆಯುವುದಿಲ್ಲ ಎಂದು ಅದರ ಅರ್ಥ. ಅದನ್ನೂ ಅಣ್ಣನೇ ನನಗೆ ಹೇಳಿದ. ಹೇಳುವಾಗ ನೆಲ ನೋಡುತ್ತಿದ್ದ.

ಹುಣ್ಣಿಮೆ, ಜನವರಿ ೨೪, ಶನಿವಾರ

ಬೆಳಿಗ್ಗೆ ಊರಿನವರೆಲ್ಲ ಬಿಳಿ ಬಟ್ಟೆಯಲ್ಲಿ ಬಂದಿದ್ದರು. ಬಾವಿಯ ಹತ್ತಿರ ಅಣ್ಣನನ್ನು ಕೂರಿಸಿ, ಮೊದಲ ಕೂದಲಿನ ಎಳೆಯನ್ನು ಕತ್ತರಿಸಿ ಅವನ ಅಂಗೈಯಲ್ಲೇ ಇಟ್ಟರು. ಅವನು ಅದನ್ನು ನೋಡುತ್ತ ಕೂತಿರಬೇಕು. ಉಳಿದ ಕೂದಲನ್ನು ಬೋಳಿಸಿ, ತಲೆಗೆ ನೀರು ಹುಯ್ದು, ಒಳಗೆ ಕರೆತಂದರು.

ಆಮೇಲೆ ನಡೆಯುವುದನ್ನು ಯಾರೂ ನನಗೆ ಮುಂಚೆ ಹೇಳಿರಲಿಲ್ಲ. ಹಳದಿ ಬಟ್ಟೆ ಉಡುವ ಮುನ್ನ ಮಗ ಹೆತ್ತವರ ಕಾಲಿಗೆ ಕೊನೆಯ ಸಲ ಬೀಳಬೇಕು. ಉಟ್ಟ ಮೇಲೆ ಅವನು ಹೆತ್ತವರಿಗೂ ತಲೆಬಾಗುವುದಿಲ್ಲ. ಹೆತ್ತವರೇ ಅವನಿಗೆ ಬಾಗುತ್ತಾರೆ. ಅವ್ವನ ಮಾತು ಹೊತ್ತು ಬಂದವನು ನಾನು, ಆದ್ದರಿಂದ ಅವ್ವನ ಜಾಗದಲ್ಲಿ ನನ್ನನ್ನು ನಿಲ್ಲಿಸಿದರು. ಅಣ್ಣ ಬಂದು ನನ್ನ ಮುಂದೆ ಮಂಡಿಯೂರಿ ಕಾಲಿಗೆ ತಲೆಯಿಟ್ಟ.

ನಮ್ಮಲ್ಲಿ ಹಿರಿಯವನು ಕಿರಿಯವನ ಕಾಲು ಮುಟ್ಟುವುದುಂಟೆ? ನಾನು ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದೆ. ಜನ ನಕ್ಕರು. ಅಣ್ಣ ತಲೆ ಎತ್ತದೆ, ಮಂಡಿಯಲ್ಲೇ ಮುಂದೆ ಬಂದು, ಮತ್ತೆ ಕಾಲಿಗೆ ತಲೆಯಿಟ್ಟ. ತಲೆ ಮುಟ್ಟಿ ಹರಸಬೇಕು ಎಂದು ಪಕ್ಕದವರು ಸನ್ನೆ ಮಾಡಿದರು. ನಾನು ಮುಟ್ಟಿದೆ. ನುಣ್ಣಗೆ, ತಣ್ಣಗೆ ಇತ್ತು. ಅವನು ಏಳಲಿಲ್ಲ. ಎಷ್ಟು ಹೊತ್ತು ಹಾಗಿದ್ದ ಎಂಬುದನ್ನು ನಾನು ಬರೆದಿಲ್ಲ. ನನ್ನ ಪಾದ ಒದ್ದೆಯಾಯಿತು. ತಲೆಗೆ ಹುಯ್ದ ನೀರು ಎಂದುಕೊಂಡೆ. ಹಾಗೇ ಇದ್ದರೂ ಇರಬಹುದು.

ಅವನು ಬಟ್ಟೆ ಬದಲಿಸಿ ಬಂದ ಮೇಲೆ ನಾನು ಅವನಿಗೆ ಮೂರು ಸಲ ಬಾಗಿದೆ. ಎದ್ದು "ಅಣ್ಣ" ಎಂದೆ. ಪಕ್ಕದಲ್ಲಿದ್ದ ಭಿಕ್ಷು ತಲೆಯಾಡಿಸಿ ಅವನ ಹೊಸ ಹೆಸರು ಹೇಳಿಕೊಟ್ಟರು. ಅದನ್ನು ನಾನು ಸರಿಯಾಗಿ ಬರೆದುಕೊಂಡೆ, ಆದರೆ ನಾಲಿಗೆಗೆ ಬರಲಿಲ್ಲ.

ಆ ದಿನದ ಪುಟದಲ್ಲಿ ದೀಪಗಳ ಸಂಖ್ಯೆ, ಹೂವಿನ ಜಾತಿ, ಊಟಕ್ಕೆ ಬಂದ ಮೇಲೋಗರಗಳು ಎಲ್ಲವೂ ಇವೆ. ಸಂಜೆ ಒಬ್ಬನೇ ಕೂತು ಅದನ್ನು ಮೊದಲಿನಿಂದ ಓದಿದೆ. ಹದಿನಾರನೆಯ ತಾರೀಖಿನಿಂದ ಅಲ್ಲಿಯವರೆಗೆ ತಿರುವಿದೆ. ಅವ್ವ ಒಂದೇ ಒಂದು ವಿಷಯ ನೋಡಿ ಬಾ ಎಂದಿದ್ದಳು. ಅದಕ್ಕೆ ಉತ್ತರವಾಗಬಹುದಾದ ಒಂದು ಸಾಲೂ ನನಗೆ ಸಿಗಲಿಲ್ಲ. ಆದರೂ ಹಿಂದಿನ ದಿನ ಆ ಉತ್ತರವನ್ನು ನಾನು ಕೊಟ್ಟುಬಿಟ್ಟಿದ್ದೆ.

ಮಾರನೆಯ ದಿನ ಹೊರಡುವಾಗ ಅವನು ವಿಹಾರದ ಬಾಗಿಲವರೆಗೆ ಬಂದ. ಹೆಗಲು ಮುಟ್ಟುವಂತಿರಲಿಲ್ಲ. ನಾನು, "ನೆಮ್ಮದಿಯಾಗಿದ್ದೀಯಾ?" ಎಂದು ಕೇಳಬೇಕೆಂದಿದ್ದೆ. ಸುತ್ತ ಏಳು ಜನ ಭಿಕ್ಷುಗಳಿದ್ದರು. ಅವರಲ್ಲಿ ಯಾರಿಗೂ ಕನ್ನಡ ಬಾರದು. ಕೇಳಬಹುದಾಗಿತ್ತು.

"ಅವ್ವಂಗೆ ಹೇಳು," ಅಂದ. ಏನನ್ನು ಎಂದು ಹೇಳಲಿಲ್ಲ.

ಕೊಣನೂರು, ಜನವರಿ ೨೯, ಗುರುವಾರ

ಅವ್ವ ಬಾಗಿಲಲ್ಲಿ ಕೂತು ಪೊರಕೆ ಕಟ್ಟುತ್ತಿದ್ದಳು. ಕಾಲು ತೊಳೆಯಲು ನೀರು ಕೊಟ್ಟಳು, ಮುದ್ದೆ ಕೊಟ್ಟಳು, ಉಣ್ಣುವವರೆಗೂ ಏನೂ ಕೇಳಲಿಲ್ಲ. ಆಮೇಲೆ, "ಯೋಳು," ಅಂದಳು.

ನಾನು ದಿನಚರಿ ತೆಗೆದು ಓದಿದೆ. ಹಡಗು, ಕಂಬದ ಮೇಲೆ ಕೂತವರು, ನಾರು ಬಡಿಯುವ ಹೆಂಗಸರು. ಅವ್ವ ಹೂಗುಟ್ಟುತ್ತ ಕೇಳಿದಳು. ಒಂದೆರಡು ಕಡೆ ನಕ್ಕಳು. ಅರ್ಧ ಪುಸ್ತಕ ಮುಗಿದಾಗ ಕೈಯಲ್ಲಿದ್ದ ಪೊರಕೆ ಕೆಳಗಿಟ್ಟಳು.

"ಇದೆಲ್ಲಾ ಸರಿ ಕಣ್ಲಾ. ನನ್ ಮಗ?"

ನಾನು ಪುಟ ತಿರುವಿದೆ.

"ಬುಕ್ಕು ಮಡಗು. ನೆಮ್ದಿಯಾಗವ್ನಾ ಅವ್ನು?"

"ನಾನ್ ನೋಡ್ಲಿಲ್ಲ ಅವ್ವ."

"ಮತ್ತೆ ಊ ಅಂದ್ಬುಟ್ಟು ಬಂದ್ಯಾ?"

"ಅಂದ್ಬುಟ್ಟು ಬಂದೆ."

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಅವಳು ಕಡ್ಡಿಗಳನ್ನು ನೆಲಕ್ಕೆ ಕುಟ್ಟಿ ಸಮ ಮಾಡಿ, ದಾರ ಸುತ್ತಿ, ಆ ಪೊರಕೆಯನ್ನು ಮುಗಿಸಿದಳು. ಇನ್ನೊಂದನ್ನು ಎತ್ತಿಕೊಂಡಳು. ಬೇಡವೆನಿಸಿದರೆ ಬಟ್ಟೆ ಮಡಿಸಿಟ್ಟು ಬರಬಹುದಂತೆ ಎಂದು ನಾನು ಹೇಳಿದೆ.

"ಅದ್ನ ಅವ್ನಿಗೆ ಯಾರಾನಾ ಯೋಳಿದ್ರಾ?"

"ಅವನೇ ನನಗೆ ಹೇಳಿದ್ದು."

ಅವ್ವ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು.

ಹೊಳೆನರಸೀಪುರ, ಫೆಬ್ರವರಿ ೩, ಮಂಗಳವಾರ

ಮಧ್ಯಾಹ್ನ ಕಚೇರಿಯ ಜವಾನ ಬಂದು, "ಯಾರೋ ನಿಮ್ಮ ತಾಯಂತೆ, ಆಚೆ ಕುಂತವ್ರೆ ಸಾ," ಅಂದ. ಅವ್ವ ಅರಕಲಗೂಡಿನ ಆಚೆಯಿಂದ ಒಬ್ಬಳೇ ಬಸ್ಸಿನಲ್ಲಿ ಬಂದು, ಹುಣಸೆಮರದ ಕೆಳಗೆ ಕೂತಿದ್ದಳು. ಹೊಸ ಸೀರೆ ಉಟ್ಟಿದ್ದಳು.

"ಅದೇನೋ ಪಾಸ್ಪೋರ್ಟು ಅಂತಾರಲ್ಲ, ನಂಗೂ ಮಾಡ್ಸು," ಅಂದಳು.

"ಅವ್ವ, ಕಡಲು ದಾಟ್ಬೇಕು. ಮೂರು ಕಡೆ ರೈಲು ಬದಲಾಯಿಸ್ಬೇಕು. ಅವರ ಭಾಷೆ ನಿನಗೆ ಬರಲ್ಲ."

"ನನ್ ಮಗನ್ನ ನೋಡಾಕೆ ಯಾವ್ ಬಾಸೆ ಬೇಕ್ಲಾ?"

"ರಜ ಕೇಳ್ತೀನಿ. ನಾನೂ ಬತ್ತೀನಿ."

"ನೀನ್ ಬ್ಯಾಡ. ದಾರಿ ಬರ್ಕೊಡು, ಸಾಕು."

ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಸಂತೆಗೆ ಹೊರಡುವಾಗ ಇಂಥ ಬುಟ್ಟಿ ಬೇಡ, ಇಂಥದ್ದು ಸಾಕು ಎನ್ನುವ ಹಾಗೆ ಹೇಳಿದಳು. ನಾನು ಒಳಗೆ ಹೋಗಿ, ಒಂದು ದೊಡ್ಡ ಹಾಳೆಯಲ್ಲಿ ದಾರಿ ಬರೆದೆ. ಅವಳಿಗೆ ಓದಲು ಬಾರದು. ದಾರಿಯಲ್ಲಿ ಸಿಕ್ಕವರಿಗೆ ತೋರಿಸಲಿ ಎಂದು ಊರುಗಳ ಹೆಸರನ್ನು ಇಂಗ್ಲಿಷಿನಲ್ಲೂ ದಪ್ಪಕ್ಷರದಲ್ಲಿ ಬರೆದೆ. ಎಲ್ಲಿ ಇಳಿಯಬೇಕು, ಎಲ್ಲಿ ಕೈ ಚಾಚಿ ಸೂಜಿಮದ್ದು ಹಾಕಿಸಿಕೊಳ್ಳಬೇಕು, ವಿಹಾರಕ್ಕೆ ಸ್ಟೇಷನ್ನಿನಿಂದ ಎಷ್ಟು ಹೆಜ್ಜೆ, ಎಲ್ಲವೂ ನನಗೆ ಗೊತ್ತಿತ್ತು. ಹಾಳೆ ಎರಡು ಕಡೆಯೂ ತುಂಬಿತು.

ಆಚೆ ಬಂದು ಓದಿ ಹೇಳಿದೆ. ಅವಳು ಬೆರಳ ಗೆಣ್ಣುಗಳ ಮೇಲೆ ಊರುಗಳನ್ನು ಒಂದೊಂದಾಗಿ ಇಟ್ಟುಕೊಳ್ಳುತ್ತ, ತಪ್ಪಿದಲ್ಲಿ ಮತ್ತೆ ಹೇಳಿಸಿಕೊಂಡಳು. ಹಾಳೆಯನ್ನು ನಾಲ್ಕಾಗಿ ಮಡಿಸಿ ಎಲೆಯಡಿಕೆಯ ಚೀಲದೊಳಗೆ ತೂರಿಸಿದಳು. ಚೀಲದ ದಾರ ಎಳೆಯುತ್ತಿದ್ದವಳು ತಡೆದು ಕೇಳಿದಳು.

"ಈಗ್ಲೂ ಎಲೆ ಅಡಿಕೆ ಆಕ್ತಾನೇನ್ಲಾ ಅವ್ನು? ಒಂದ್ ಕಟ್ಟು ತಕಂಡೋಗಾನಾ ಅಂತ."

ಎಂಟು ದಿನ ಅವನ ಪಕ್ಕದಲ್ಲಿ ನಡೆದಿದ್ದೆ. ನನಗೆ ಗೊತ್ತಿರಲಿಲ್ಲ.